ಹೋಂಸ್ಟೇಯಲ್ಲಿ ಅತಿಥಿಯ ಬಾಟಲಿ: ಯಾವುದಕ್ಕೆ ಅಡ್ಡಿಯಿಲ್ಲ, ಯಾವುದು ಕೇಸು?

ಪ್ರಶ್ನೆ: ಕೊಡಗಿನ ಕಕ್ಕಬ್ಬೆ ಸಮೀಪ ಕಾಫಿ ತೋಟದ ನಡುವೆ ನಮ್ಮ ಮನೆ. ಅದರಲ್ಲೇ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇನೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯೂ ಆಗಿದೆ. ಕೋವಿಡ್ ಕಾಲದಲ್ಲಿ ಮುಂಗಡವನ್ನೆಲ್ಲ ವಾಪಸ್ ಕೊಟ್ಟು ಸಾಲಕ್ಕೆ ಬಿದ್ದೆವು. ಈಗಲೂ ಕೇರಳದಲ್ಲಿ ನಿಪಾ ಅಂತ ಟಿವಿಯಲ್ಲಿ ಬಂದರೆ ಸಾಕು, ಬುಕಿಂಗ್ ರದ್ದಾಗುತ್ತದೆ. ಫೋನ್ ಮಾಡಿದವರು ಮೊದಲು ಕೇಳುವುದು "ಡ್ರಿಂಕ್ಸ್‌ಗೆ ಬಿಡ್ತೀರಾ?" ಅಂತ. ಪೊಲೀಸರಲ್ಲಿ ಕೇಳಿದರೆ ಒಂದು ಉತ್ತರ, ಅಬಕಾರಿಯವರಲ್ಲಿ ಇನ್ನೊಂದು. ನಮಗೆ ಲೈಸೆನ್ಸ್ ಸಿಗುತ್ತದೆಯೇ? ಮತ್ತೆ ನಿರ್ಬಂಧ ಬಂದರೆ ಮುಂಗಡ ಹಣದ ಗತಿಯೇನು? 2021ರಲ್ಲಿ ಕರ್ಫ್ಯೂ ವೇಳೆ ಅತಿಥಿಗಳು ಇದ್ದರೆಂದು ನನ್ನ ತಮ್ಮನ ಮೇಲೆ ಕೇಸ್ ಹಾಕಿದ್ದರು. ಅದು ಏನಾಯಿತೋ ಗೊತ್ತಿಲ್ಲ.

ಉತ್ತರ: ಮೊದಲು ನಿಮಗೆ ತುರ್ತಾಗಿ ಬೇಕಾದ ಮಾತು ಹೇಳಿಬಿಡುತ್ತೇನೆ. ಪರವಾನಗಿ ಇರುವ ಅಂಗಡಿಯಿಂದ, ಮಿತಿಯೊಳಗೆ, ಬಿಲ್ ಸಮೇತ ತಂದ ಮದ್ಯವನ್ನು ವಯಸ್ಸಿಗೆ ಬಂದ ಅತಿಥಿ ತನ್ನ ಕೋಣೆಯೊಳಗೆ ಕುಡಿದರೆ ಅದರಲ್ಲಿ ನಿಮ್ಮ ತಪ್ಪಿಲ್ಲ. ನೀವು ಒಂದೇ ಒಂದು ಬಾಟಲಿ ಮಾರಿದರೂ, ಮಾರಲೆಂದು ದಾಸ್ತಾನು ಇಟ್ಟರೂ, "ಪ್ಯಾಕೇಜ್‌ನಲ್ಲೇ ಸೇರಿದೆ" ಎಂದು ಗ್ಲಾಸಿಗೆ ಸುರಿದರೂ ಅದು ಅಪರಾಧ. ಇವೆರಡರ ನಡುವೆ ಅಂಗಳ, ಊಟದ ಹಜಾರ, ಕ್ಯಾಂಪ್ ಫೈರ್ ಸುತ್ತಲಿನ ಜಾಗ ಇದೆಯಲ್ಲ, ನಮ್ಮ ಜಿಲ್ಲೆಯ ಹೋಂಸ್ಟೇಗಳ ತಂಟೆ ತಕರಾರುಗಳೆಲ್ಲ ಹುಟ್ಟುವುದು ಅಲ್ಲಿ.

ಪೊಲೀಸರು ಒಂದು, ಅಬಕಾರಿಯವರು ಇನ್ನೊಂದು ಹೇಳುವುದಕ್ಕೆ ಕಾರಣವಿದೆ. ಕರ್ನಾಟಕ ಅಬಕಾರಿ ಕಾಯ್ದೆ 1965ರದ್ದು. ಮದ್ಯ ಮಾರಾಟದ ಸನ್ನದುಗಳನ್ನು, ಅಂದರೆ ಲೈಸೆನ್ಸ್‌ಗಳನ್ನು, ವಿಂಗಡಿಸುವ ನಿಯಮಗಳು 1968ರವು. ಚಿಲ್ಲರೆ ಅಂಗಡಿಗೆ ಸಿಎಲ್-2, ಕ್ಲಬ್‌ಗೆ ಸಿಎಲ್-4, ಹೋಟೆಲ್ ಮತ್ತು ವಸತಿಗೃಹಕ್ಕೆ ಸಿಎಲ್-7, ಬಾರ್ ಅಂಡ್ ರೆಸ್ಟೋರೆಂಟ್‌ಗೆ ಸಿಎಲ್-9, ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗೆ ಸಿಎಲ್-11ಸಿ. ತೋಟದ ಮನೆಯಲ್ಲಿ ಕುಟುಂಬವೂ ಇದ್ದು, ಪಕ್ಕದ ಕೋಣೆಯಲ್ಲಿ ಬೆಂಗಳೂರಿನವರು ಬಂದು ಎರಡು ದಿನ ತಂಗುವ ವ್ಯವಸ್ಥೆ ಆ ನಿಯಮ ಬರೆದವರ ಕಣ್ಣ ಮುಂದೆ ಇರಲಿಲ್ಲ. ಹೋಂಸ್ಟೇ ಎಂಬ ಹೆಸರಿನ ಸನ್ನದೇ ಅದರಲ್ಲಿಲ್ಲ. ಪ್ರವಾಸೋದ್ಯಮ ಇಲಾಖೆ ಕೊಟ್ಟಿರುವ ನೋಂದಣಿ ಪತ್ರಕ್ಕೂ ಮದ್ಯಕ್ಕೂ ಯಾವ ಸಂಬಂಧವೂ ಇಲ್ಲ. ಆ ಪತ್ರವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಮದ್ಯ ಕೊಡಬಹುದು ಎಂದುಕೊಂಡವರನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಇನ್ನು ಕೇಸು ಹೇಗೆ ಬೀಳುತ್ತದೆ ನೋಡಿ. ಅಬಕಾರಿ ಕಾಯ್ದೆಯ 15ಎ ಕಲಂ ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಯನ್ನು ತಡೆಯುತ್ತದೆ. ಕುಡಿಯಲು ಜಾಗ ಮಾಡಿಕೊಟ್ಟರು ಎಂಬ ಆರೋಪದಲ್ಲಿ ಅದರ ಜೊತೆ 32(3) ಸೇರಿಸುತ್ತಾರೆ. ನಮ್ಮ ರಾಜ್ಯದ ಯಾವ ಠಾಣೆಯ ಎಫ್‌ಐಆರ್ ತೆಗೆದರೂ ಈ ಜೋಡಿ ಸಿಗುತ್ತದೆ. ಬಹುಪಾಲು ಗೂಡಂಗಡಿ, ಮಿಲಿಟರಿ ಹೋಟೆಲ್, ಢಾಬಾಗಳ ಮೇಲೆ ಬೀಳುವ ಕಲಂಗಳು ಇವು. ಹೋಂಸ್ಟೇಗೂ ಅವನ್ನೇ ಎಳೆದು ತರುತ್ತಾರೆ. ಬಾಡಿಗೆ ಕೊಟ್ಟು ಬೀಗದ ಕೈ ಪಡೆದ ಕೋಣೆ ಸಾರ್ವಜನಿಕ ಸ್ಥಳ ಎನ್ನಲು ಬರುವುದಿಲ್ಲ. ಆದರೆ ಯಾರು ಬೇಕಾದರೂ ಬಂದು ಊಟ ಮಾಡಿ ಹೋಗುವ ನಿಮ್ಮ ಹಜಾರವನ್ನು ಹಾಗೆ ಕರೆಯಲು ಪೊಲೀಸರಿಗೆ ಕಷ್ಟವಾಗದು. ಆದ್ದರಿಂದ ತಂಗದ ಗಿರಾಕಿಗಳಿಗೆ ಮಧ್ಯಾಹ್ನ ಪಂದಿ ಕರಿ, ಕಡುಂಬುಟ್ಟು ಊಟ ಬಡಿಸುವ ಅಭ್ಯಾಸ ನಿಮ್ಮಲ್ಲಿದ್ದರೆ, ಆ ಜಾಗದಲ್ಲಿ ಮದ್ಯ ಕೂಡದು ಎಂದು ನೀವೇ ಬೋರ್ಡ್ ಹಾಕಿ. ಊಟವೋ, ಬಾಟಲಿಯೋ, ಒಂದನ್ನು ಬಿಡಲೇಬೇಕು.

ಮಹಜರು ಮಾಡಲು ಬಂದವರು ಏನು ಹುಡುಕುತ್ತಾರೆ ಎಂದು ತಿಳಿದಿರಲಿ. ಅಡುಗೆಮನೆಯ ಫ್ರಿಜ್ ಮೊದಲು ತೆಗೆಸುತ್ತಾರೆ. ಅಲ್ಲಿ ಒಂದೇ ಬ್ರಾಂಡಿನ ಡಜನ್ ಬಿಯರ್ ಇದ್ದರೆ ಅದು ಮನೆಯವರ ಬಳಕೆಗೆ ಎಂದು ನಂಬುವುದು ಯಾರಿಗೂ ಕಷ್ಟ. ಬಿಲ್ ಪುಸ್ತಕದಲ್ಲಿ "ಇತರೆ 1,200" ಎಂಬ ಸಾಲು ಕಂಡರೆ ಏನದು ಎನ್ನುತ್ತಾರೆ. ಈಗ ಇದಕ್ಕಿಂತ ದೊಡ್ಡ ಸಾಕ್ಷಿ ಫೋನಿನಲ್ಲೇ ಇರುತ್ತದೆ: ಅತಿಥಿ ಯುಪಿಐನಲ್ಲಿ ಹಣ ಹಾಕುವಾಗ ಷರಾ ಜಾಗದಲ್ಲಿ "4 ಬಿಯರ್" ಎಂದು ಬರೆದಿರುತ್ತಾನೆ, ಹಿಂದಿನ ದಿನ ವಾಟ್ಸಾಪ್‌ನಲ್ಲಿ "ಎರಡು ಫುಲ್ ತರಿಸಿ ಇಡಿ ಅಂಕಲ್" ಎಂದಿರುತ್ತಾನೆ, ನೀವು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿರುತ್ತೀರಿ. ಸ್ನೇಹಕ್ಕೆ ಮಾಡಿದ ಉಪಕಾರ ಅಲ್ಲಿ ಮಾರಾಟವಾಗಿ ಕಾಣುತ್ತದೆ. ನಾಪೋಕ್ಲುವಿಗೆ ಹೋಗುವ ಜೀಪಿನವರ ಕೈಯಲ್ಲಿ ತರಿಸಿಕೊಡುವುದೂ ಬೇಡ. ಬೇಕಾದವರು ಬರುವ ದಾರಿಯಲ್ಲಿ ಕುಶಾಲನಗರದಲ್ಲೋ, ಮಡಿಕೇರಿಯಲ್ಲೋ, ವಿರಾಜಪೇಟೆಯಲ್ಲೋ ತಾವೇ ಕೊಂಡು ಬರಲಿ. ಫೋನಿನಲ್ಲೇ ಹೀಗೆ ಹೇಳಿಬಿಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೊಡಗಿಗೇ ಸೇರಿದ ಮೂರು ಅಪಾಯಗಳಿವೆ. ಒಂದು ಸೇನಾ ಕ್ಯಾಂಟೀನ್ ರಮ್. ಇಲ್ಲಿ ನಿವೃತ್ತ ಸೈನಿಕರಿಲ್ಲದ ಕುಟುಂಬ ಕಡಿಮೆ, ಅವರ ಕೋಟಾದ ಬಾಟಲಿ ಮನೆಯಲ್ಲಿರುವುದು ಸಹಜ. ಸಂಜೆ ಮಳೆಯಲ್ಲಿ ನೆನೆದು ಬಂದ ಅತಿಥಿಗೆ ಒಂದು ಪೆಗ್ ಕೊಡುವುದು ನಮ್ಮ ಕಡೆಯ ಮರ್ಯಾದೆಯೂ ಹೌದು. ಆದರೆ ಅದು ರಕ್ಷಣಾ ಸಿಬ್ಬಂದಿಗೆ ಮಾತ್ರ ಎಂದು ಬಾಟಲಿಯ ಮೇಲೆಯೇ ಅಚ್ಚಾಗಿದೆ. ದುಡ್ಡು ಕೊಟ್ಟು ತಂಗಿದವನ ಮೇಜಿನ ಮೇಲೆ ಆ ಬಾಟಲಿ ಸಿಕ್ಕರೆ ಅಬಕಾರಿ ಕೇಸಿನ ಜೊತೆ ಕ್ಯಾಂಟೀನ್ ಕಾರ್ಡಿಗೂ ಕುತ್ತು. ಎರಡನೆಯದು ಹೋಂಮೇಡ್ ವೈನ್. ಮಡಿಕೇರಿಯ ಪೇಟೆಯಲ್ಲಿ ಜೇನು, ಕಾಫಿ ಪುಡಿ, ಕಾಚಂಪುಳಿ ಪಕ್ಕದಲ್ಲೇ ಸಾಲಾಗಿ ಜೋಡಿಸಿ ಮಾರುವುದನ್ನು ನೋಡಿ ಅದಕ್ಕೆ ಅನುಮತಿ ಇದೆ ಎಂದುಕೊಳ್ಳಬೇಡಿ. ಹುದುಗಿಸಿ ತಯಾರಿಸಿ ಮಾರಲು ಪರವಾನಗಿ ಬೇಕು, ಮನೆಯಲ್ಲಿ ಮಾಡಿದ್ದು ಎಂಬುದು ಸಮರ್ಥನೆಯಾಗುವುದಿಲ್ಲ. ಮೂರನೆಯದು ಹೊರಗಿನ ಬಾಟಲಿ. ಕಣ್ಣೂರು ಕಡೆಯಿಂದ ಬರುವವರು ಪುದುಚೇರಿಗೆ ಸೇರಿದ ಮಾಹೆಯದ್ದನ್ನು, ಗೋವಾ ಸುತ್ತಿ ಬರುವವರು ಅಲ್ಲಿಯದನ್ನು ಕಾರಿನಲ್ಲಿ ತರುತ್ತಾರೆ. ಪರವಾನಗಿ ಇಲ್ಲದೆ ಅದನ್ನು ಕರ್ನಾಟಕದೊಳಗೆ ತರುವಂತಿಲ್ಲ. ಅತಿಥಿಯ ತಪ್ಪಾದರೂ ಮಹಜರು ನಡೆಯುವುದು ನಿಮ್ಮ ಮನೆಯಲ್ಲಿ.

ವಯಸ್ಸಿನ ವಿಷಯದಲ್ಲೂ ಗೊಂದಲವಿದೆ. ಕಾಯ್ದೆಯಲ್ಲಿ 18 ವರ್ಷ ಎಂದಿದೆ, ಸನ್ನದುಗಳ ಸಾಮಾನ್ಯ ಷರತ್ತುಗಳ 1967ರ ನಿಯಮಗಳಲ್ಲಿ 21 ಎಂದಿದೆ. ಇದನ್ನು 18ಕ್ಕೆ ಇಳಿಸಿ ಒಂದೇ ಮಾಡಲು ಸರ್ಕಾರ ಕರಡು ಹೊರಡಿಸಿ, ವಿರೋಧ ಬಂದ ಮೇಲೆ 2023ರ ಜನವರಿಯಲ್ಲಿ ಕೈಬಿಟ್ಟಿತು. ನೀವು 21 ಎಂದೇ ಹಿಡಿಯಿರಿ. ಕಾಲೇಜಿನ ಗುಂಪು ಬಂದರೆ ಪ್ರತಿಯೊಬ್ಬರ ಗುರುತಿನ ಚೀಟಿಯ ಪ್ರತಿ ಪಡೆಯಿರಿ, ಒಬ್ಬನ ಆಧಾರ್ ಪಡೆದು ಎಂಟು ಜನರನ್ನು ಒಳಗೆ ಬಿಡುವ ಪದ್ಧತಿ ನಿಲ್ಲಲಿ.

ಲೈಸೆನ್ಸ್ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಾಲ್ಕು ಕೋಣೆಗೆ ಸಿಎಲ್-7 ಸಿಗುವುದಿಲ್ಲ, ಅದಕ್ಕೆ ಬೇಕಾದ ಕೋಣೆಗಳ ಸಂಖ್ಯೆ ನಿಮ್ಮ ಅಳತೆಗೆ ನಿಲುಕದ್ದು. ಮದುವೆ, ಹುಟ್ಟುಹಬ್ಬದಂಥ ಸಂದರ್ಭಕ್ಕೆ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಇದೆ. ತೋಟದಲ್ಲಿ ಯಾರಾದರೂ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡರೆ ಅದನ್ನು ಪಡೆದೇ ನಡೆಸಲಿ, ಪ್ರತಿಯನ್ನು ನೀವು ಇಟ್ಟುಕೊಳ್ಳಿ. ಒಂದು ವೇಳೆ ಪೂರ್ಣ ಲೈಸೆನ್ಸ್ ಸಿಗುವ ಹಾಗಿದ್ದರೂ ನಿಮ್ಮಂಥವರಿಗೆ ಬೇಡ ಎಂದೇ ನನ್ನ ಸಲಹೆ. ಮದ್ಯದ ಆದಾಯವನ್ನು ನಂಬಿದ ವ್ಯವಹಾರಕ್ಕೆ ಏನಾಯಿತು ಎಂಬುದನ್ನು ಕೋವಿಡ್ ವರ್ಷಗಳು ತೋರಿಸಿವೆ.

ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಎರಡನೇ ಪ್ರಶ್ನೆಯ ಉತ್ತರ ಇದರಲ್ಲೇ ಇದೆ. 2020ರ ಮಾರ್ಚ್ 19ರಂದು ಜಿಲ್ಲೆಯಲ್ಲಿ ಮೊದಲ ಕೋವಿಡ್ ಪ್ರಕರಣ ದೃಢಪಟ್ಟಿತು. ಅದೇ ತಿಂಗಳು ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಕೇರಳದ ದಾರಿ ಮುಚ್ಚಿದರು. ಮೇ 4ಕ್ಕೆ ಸಿಎಲ್-2 ಮತ್ತು ಎಂಎಸ್‌ಐಎಲ್ ಮಳಿಗೆಗಳು ತೆರೆದವು. ಜೂನ್ 8ರಿಂದ ಹೋಟೆಲ್‌ಗಳಲ್ಲಿ ಕೂತು ಊಟ ಮಾಡಲು ಒಪ್ಪಿಗೆ ಸಿಕ್ಕಿತು. ಬಾರ್‌ನಲ್ಲಿ ಕೂತು ಕುಡಿಯಲು ಒಪ್ಪಿಗೆ ಬಂದದ್ದು ಸೆಪ್ಟೆಂಬರ್ 1ಕ್ಕೆ, ಅದೂ ಅರ್ಧ ಆಸನಗಳಿಗೆ. ಆ ಮೂರು ತಿಂಗಳ ಸ್ಥಿತಿ ನೋಡಿ: ಮದ್ಯ ಕೊಳ್ಳಬಹುದು, ಊಟಕ್ಕೆ ಕೂರಬಹುದು, ಲೈಸೆನ್ಸ್ ಇರುವ ಬಾರ್‌ನಲ್ಲಿ ಮಾತ್ರ ಗ್ಲಾಸ್ ಮುಟ್ಟುವಂತಿಲ್ಲ. ಕೊಂಡವರು ಎಲ್ಲಿ ಕುಡಿಯಬೇಕು? ತೋಟದ ಅಂಚು, ಹೊಳೆ ದಡ, ಕಾರಿನ ಬಾನೆಟ್, ಹೋಂಸ್ಟೇಯ ಅಂಗಳ. ಲೈಸೆನ್ಸ್ ಇದ್ದವರು ಶುಲ್ಕ ಕಟ್ಟಿ ಕೈಕಟ್ಟಿ ಕೂತರು, ಲೈಸೆನ್ಸ್ ಇಲ್ಲದವರ ಮನೆಬಾಗಿಲಿಗೆ ಬಾಟಲಿ ಬಂತು, ಬಾಟಲಿಯ ಹಿಂದೆ ಪೊಲೀಸ್ ಜೀಪೂ ಬಂತು. 2021ರ ಎರಡನೇ ಅಲೆಯಲ್ಲಿ ಮದ್ಯದಂಗಡಿಗೆ ಬೆಳಿಗ್ಗೆ 6ರಿಂದ 10ರವರೆಗೆ ಪಾರ್ಸೆಲ್‌ಗೆ ಬಿಟ್ಟರು, ಪ್ರವಾಸಿಗೆ ಬಾಗಿಲು ಮುಚ್ಚಿತ್ತು.

ನಮ್ಮ ಜಿಲ್ಲೆಗೆ ಹೊಡೆತ ಹೆಚ್ಚು ಬಿದ್ದದ್ದಕ್ಕೆ ಇನ್ನೂ ಎರಡು ಕಾರಣ. 2018ರ ಆಗಸ್ಟ್‌ನ ಭೂಕುಸಿತ, 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದ ಭೂಕುಸಿತ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿತ. ಕೋವಿಡ್ ಬರುವ ಹೊತ್ತಿಗೇ ಎರಡು ಮಳೆಗಾಲದ ನಷ್ಟ ತಲೆಯ ಮೇಲಿತ್ತು. ಇನ್ನೊಂದು, ಇಲ್ಲಿನ ವ್ಯಾಪಾರವೆಲ್ಲ ಶುಕ್ರವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗಿನದು. 2021ರ ಜೂನ್ 14ರ ಸಡಿಲಿಕೆಯಲ್ಲಿ ಕೊಡಗು ಸೇರಿ 11 ಜಿಲ್ಲೆಗಳನ್ನು ಹೊರಗಿಟ್ಟರು. ಜುಲೈ 5ಕ್ಕೆ ರಾಜ್ಯವೆಲ್ಲ ತೆರೆದಾಗಲೂ ಸೋಂಕಿನ ಪ್ರಮಾಣ ಇಳಿದಿರದ ಕೊಡಗು ಹೊರಗೇ ಉಳಿಯಿತು. ಆಗಸ್ಟ್‌ನಲ್ಲಿ ಗಡಿ ಜಿಲ್ಲೆ ಎಂಬ ಕಾರಣಕ್ಕೆ ವಾರಾಂತ್ಯ ಕರ್ಫ್ಯೂ ಬಂತು, 2022ರ ಜನವರಿಯಲ್ಲಿ ಇಡೀ ರಾಜ್ಯಕ್ಕೆ ಮತ್ತೊಂದು ಸುತ್ತು. ಮೈಸೂರು ಬೆಂಗಳೂರಿನ ಹೋಟೆಲಿಗೆ ಸೋಮವಾರದಿಂದ ಗುರುವಾರದವರೆಗೆ ಯಾರೋ ಕೆಲಸದ ಮೇಲೆ ಬಂದಾರು. ಕಕ್ಕಬ್ಬೆಗೆ ಮಂಗಳವಾರ ಯಾರು ಬರುತ್ತಾರೆ? ಕಾಗದದ ಮೇಲೆ ವಾರದಲ್ಲಿ ಎರಡೇ ದಿನ ಬಂದ್, ನಮ್ಮ ಪಾಲಿಗೆ ವಾರವಿಡೀ ಬಂದ್.

ಸೋಂಕು ತಡೆಯಲು ಮುಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಆಮ್ಲಜನಕದ ಹಾಸಿಗೆಗೆ ಪರದಾಡಿದ ಆ ದಿನಗಳಲ್ಲಿ ಪ್ರವಾಸಿಗಳನ್ನು ತಡೆದದ್ದು ಸರಿಯೇ. ತಕರಾರು ಇರುವುದು ಆದೇಶ ಬಂದ ರೀತಿಗೆ. ಸ್ಪಷ್ಟವಾಗಿ "ಇಲ್ಲ" ಎಂದರೆ ಒಬ್ಬ ಮಾಲೀಕ ಕೆಲಸದವರಿಗೆ ಏನಾದರೂ ದಾರಿ ಮಾಡುತ್ತಾನೆ, ತೋಟದ ಕೆಲಸಕ್ಕೆ ಹಚ್ಚುತ್ತಾನೆ, ತರಕಾರಿ ತರಿಸುವುದಿಲ್ಲ. ಗುರುವಾರ ಸಂಜೆ ಹೊರಟ ಆದೇಶದಲ್ಲಿ "ಹೋಟೆಲ್, ಲಾಡ್ಜ್" ಎಂದಿದ್ದು ಹೋಂಸ್ಟೇ ಎಂಬ ಪದವೇ ಇಲ್ಲದಿದ್ದರೆ, ಅದನ್ನು ಒಬ್ಬ ಅಧಿಕಾರಿ ಒಂದು ರೀತಿ, ಇನ್ನೊಬ್ಬರು ಮತ್ತೊಂದು ರೀತಿ ಓದಿದರೆ, ಮಾಂಸ, ಹಾಲು, ಕೆಲಸದವರ ಕೂಲಿ ಎಲ್ಲವೂ ಖರ್ಚಾಗಿ ಅತಿಥಿ ಮಾತ್ರ ಚೆಕ್‌ಪೋಸ್ಟಿನಿಂದ ಹಿಂದಿರುಗುತ್ತಾನೆ. ಜಿಲ್ಲಾಡಳಿತ ಮುಂದಿನ ಸಲವಾದರೂ ಆದೇಶದಲ್ಲಿ ಮೂರು ಸಾಲು ಸೇರಿಸಲಿ: ಹೋಂಸ್ಟೇಗೆ ಇದು ಅನ್ವಯವೇ, ಈಗಾಗಲೇ ತಂಗಿರುವವರು ಏನು ಮಾಡಬೇಕು, ಬುಕಿಂಗ್ ಚೀಟಿ ಇದ್ದವರನ್ನು ಕುಟ್ಟ, ಮಾಕುಟ್ಟ, ಕರಿಕೆ, ಸಂಪಾಜೆ, ಕುಶಾಲನಗರದಲ್ಲಿ ಬಿಡುತ್ತಾರೋ ಇಲ್ಲವೋ. ಇಷ್ಟಕ್ಕೆ ಖಜಾನೆಯಿಂದ ಒಂದು ರೂಪಾಯಿಯೂ ಖರ್ಚಾಗದು.

ಆದೇಶ ಬಂದಾಗ ನೀವು ಮಾಡಬೇಕಾದ್ದು: ವಾಟ್ಸಾಪ್‌ನಲ್ಲಿ ಬಂದ ಸಾರಾಂಶ ನಂಬದೆ ಸಹಿ ಇರುವ ಪ್ರತಿ ಪಡೆಯಿರಿ. ಯಾವ ಕಾಯ್ದೆಯಡಿ ಹೊರಟಿದೆ ನೋಡಿ. ವಿಪತ್ತು ನಿರ್ವಹಣಾ ಕಾಯ್ದೆ 2005 ಮತ್ತು ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020 ಎಂದಿದ್ದರೆ ಅದು ರೋಗದ ನಿರ್ಬಂಧ. ಅಬಕಾರಿ ಕಾಯ್ದೆ ಎಂದಿದ್ದರೆ ಮದ್ಯ ಮಾರಾಟಕ್ಕೆ ಸಂಬಂಧಿಸಿದ್ದು, ನಿಮ್ಮ ಕೋಣೆ ಬಾಡಿಗೆಗೆ ಅದರಿಂದ ಅಡ್ಡಿಯಿಲ್ಲ. ಚುನಾವಣೆ ಮತದಾನ ಮುಗಿಯುವ ಮುಂಚಿನ 48 ಗಂಟೆ, ಗಾಂಧಿ ಜಯಂತಿಯಂಥ ದಿನಗಳದ್ದೂ ಇದೇ ವರ್ಗ. ಆದರೆ ಚುನಾವಣೆಯ ಆ 48 ಗಂಟೆಯಲ್ಲಿ ಮದ್ಯ ಮಾರುವುದಷ್ಟೇ ಅಲ್ಲ, ಕೊಡುವುದು, ಹಂಚುವುದೂ ನಿಷಿದ್ಧ ಎಂಬುದು ನೆನಪಿರಲಿ. ನಿಮ್ಮ ಹೋಂಸ್ಟೇಗೆ ಆದೇಶ ಅನ್ವಯವೇ ಎಂಬ ಅನುಮಾನ ಬಂದರೆ ತಹಶೀಲ್ದಾರರಿಗೂ ಠಾಣೆಗೂ ನಾಲ್ಕು ಸಾಲಿನ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೂ ಆ ಮೊಹರು ನಿಮ್ಮ ಸದುದ್ದೇಶಕ್ಕೆ ಸಾಕ್ಷಿ. ಮದ್ಯದ ಪ್ರಶ್ನೆಯನ್ನೂ ಹೀಗೆಯೇ ಮಡಿಕೇರಿಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಬರೆದು ಕೇಳಿ. ಬಾಯಿಮಾತಿನ "ಏನೂ ಆಗಲ್ಲ ಬಿಡಿ" ಎಂಬುದು ಅಧಿಕಾರಿ ವರ್ಗವಾದ ದಿನವೇ ಮುಗಿಯಿತು.

ಮುಂಗಡದ ವಿಷಯ. ಸರ್ಕಾರದ ಆದೇಶದಿಂದಲೇ ಅತಿಥಿ ಬರಲಾಗದಿದ್ದರೆ, ನೀವು ತೆರೆಯಲಾಗದಿದ್ದರೆ, ಭಾರತೀಯ ಕರಾರು ಕಾಯ್ದೆಯ 56ನೇ ಕಲಂ ಪ್ರಕಾರ ಕರಾರು ಅಸಿಂಧುವಾಗುತ್ತದೆ. 65ನೇ ಕಲಂ ಪ್ರಕಾರ ಪಡೆದ ಹಣ ಹಿಂದಿರುಗಿಸಬೇಕು. ಅಂದು ನೀವು ವಾಪಸ್ ಕೊಟ್ಟದ್ದು ಸರಿಯಾದ ಕೆಲಸವೇ. ಆದರೆ ಆದೇಶವಿಲ್ಲದೆ, ಟಿವಿ ನೋಡಿ ಹೆದರಿ ರದ್ದು ಮಾಡಿದವರಿಗೆ ಪೂರ್ತಿ ಕೊಡುವ ಹೊಣೆ ನಿಮಗಿಲ್ಲ. ಅಲ್ಲಿ ನಡೆಯುವುದು ನಿಮ್ಮ ರದ್ದತಿ ಷರತ್ತು. ನಿಮ್ಮ ನಿಪಾ ಪ್ರಕರಣಗಳು ಈ ಎರಡನೇ ಗುಂಪಿನವು: 2023ರ ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ಕಂಡಾಗ ಕರ್ನಾಟಕ ಸರ್ಕಾರ ಹೇಳಿದ್ದು ಸೋಂಕಿತ ಪ್ರದೇಶಕ್ಕೆ ಅನಗತ್ಯ ಪ್ರಯಾಣ ಬೇಡ, ಗಡಿಯಲ್ಲಿ ಕಣ್ಗಾವಲು ಇರಲಿ ಎಂದು. ಕೊಡಗಿನ ಪ್ರವಾಸವನ್ನು ಅದು ನಿಲ್ಲಿಸಿರಲಿಲ್ಲ. ಆದ್ದರಿಂದ ಬುಕಿಂಗ್ ಖಚಿತಪಡಿಸುವ ಸಂದೇಶದಲ್ಲೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ: ಸರ್ಕಾರಿ ನಿರ್ಬಂಧವಿದ್ದರೆ ಪೂರ್ತಿ ಹಣ ವಾಪಸ್, ಇಲ್ಲವೇ ಅತಿಥಿ ಒಪ್ಪಿದರೆ ಒಂದು ವರ್ಷದೊಳಗೆ ಬೇರೆ ದಿನಾಂಕ, ಸ್ವಂತ ಕಾರಣಕ್ಕಾದರೆ ಇಷ್ಟು ದಿನದ ಮುಂಚೆ ಇಷ್ಟು ಪಾಲು. ಪೋರ್ಟಲ್ ಮೂಲಕ ಬಂದ ಬುಕಿಂಗ್‌ಗೆ ಅವರ ನಿಯಮ ಬೇರೆ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಆ ಪುಟ ಓದಿ. ಮುಂಗಡದ ಹಣವನ್ನು ಅತಿಥಿ ಬಂದು ಹೋಗುವವರೆಗೆ ಬೇರೆ ಖಾತೆಯಲ್ಲಿಡಿ. ಅದನ್ನು ಗೊಬ್ಬರಕ್ಕೋ ಕಾಫಿ ಕೊಯ್ಲಿನ ಕೂಲಿಗೋ ಬಳಸಿದವರೇ 2020ರಲ್ಲಿ ಸಾಲಕ್ಕೆ ಬಿದ್ದರು.

ನೋಂದಣಿ ನವೀಕರಣವನ್ನು ಮಾತ್ರ ತಪ್ಪಿಸಬೇಡಿ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪ್ರವಾಸೋದ್ಯಮದವರಿಗೆ 10 ಲಕ್ಷದವರೆಗೆ, ಗೈಡ್‌ಗಳಿಗೆ 1 ಲಕ್ಷದವರೆಗೆ ಸಾಲ ಖಾತರಿ ಪ್ರಕಟಿಸಿತು. ಅದು ಇಲಾಖೆಯ ಮಾನ್ಯತೆ ಇದ್ದವರಿಗೆ ಮಾತ್ರ ಇತ್ತು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಕಷ್ಟಕಾಲದಲ್ಲಿ ಯಾವ ಯೋಜನೆಯೂ ಸಿಗುವುದಿಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಹೋಂಸ್ಟೇಗೆ ಪೊಲೀಸರು ಬರುವುದು ಸಾಮಾನ್ಯವಾಗಿ ಬಾಟಲಿಯ ಕಾರಣಕ್ಕಲ್ಲ, ಸದ್ದಿನ ಕಾರಣಕ್ಕೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಕಣಿವೆಯಲ್ಲಿ ಸದ್ದು ಎಷ್ಟು ದೂರ ಹೋಗುತ್ತದೆ ಎಂಬುದು ನಿಮಗೆ ಗೊತ್ತು. ಪಕ್ಕದ ತೋಟದವರು ಸಿಟ್ಟಾಗಿ ಠಾಣೆಗೆ ಫೋನ್ ಮಾಡುತ್ತಾರೆ, ಬಂದವರ ಕಣ್ಣಿಗೆ ಮೇಜಿನ ಮೇಲಿನ ಬಾಟಲಿ ಬೀಳುತ್ತದೆ. ಹತ್ತು ಗಂಟೆಗೆ ಸ್ಪೀಕರ್ ಬಂದ್, ಬೆಂಕಿ ಆರಿಸುವುದು, ಕುಡಿಯುವವರು ಕೋಣೆಗೆ: ಈ ನಿಯಮವನ್ನು ಒಳಬರುವಾಗಲೇ ಸಹಿ ಹಾಕಿಸಿಕೊಂಡ ಮನೆಗಳಲ್ಲಿ ಗಲಾಟೆ ಆದದ್ದನ್ನು ನಾನು ಕಂಡಿಲ್ಲ. ನೆರೆಹೊರೆಯವರ ನೆಮ್ಮದಿ ಕೆಡಿಸಿ ನಡೆಸುವ ಅತಿಥಿ ಸತ್ಕಾರ ನಮ್ಮ ನಾಡಿಗೆ ಬೇಡವೂ ಬೇಡ.

ಕೊನೆಯದಾಗಿ ನಿಮ್ಮ ತಮ್ಮನ ಕೇಸು. ಎಫ್‌ಐಆರ್ ಪ್ರತಿ ತೆಗೆಸಿ, ಕಲಂ ನೋಡಿ. ಬರೀ ಐಪಿಸಿ 188 (ಸರ್ಕಾರಿ ಅಧಿಕಾರಿಯ ಆದೇಶ ಮೀರಿದ್ದು) ಆಗಿದ್ದರೆ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 195ನೇ ಕಲಂ ಪ್ರಕಾರ ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರನ್ನು ನ್ಯಾಯಾಲಯಕ್ಕೆ ಕೊಟ್ಟಿರಬೇಕು. ಪೊಲೀಸರ ಆರೋಪ ಪಟ್ಟಿಯೊಂದೇ ಸಾಲದು. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲು ಒಂದು ವರ್ಷದ ಕಾಲಮಿತಿಯೂ ಇದೆ. ವಿಪತ್ತು ನಿರ್ವಹಣಾ ಕಾಯ್ದೆಯ 51ನೇ ಕಲಂ ಸೇರಿದ್ದರೆ ಅದಕ್ಕೂ 60ನೇ ಕಲಂನಡಿ ಅಧಿಕೃತ ದೂರು ಬೇಕು. ಕೇಸು ಎಲ್ಲಿ ನಿಂತಿದೆ ಎಂಬುದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಅವರ ಹೆಸರು, ಠಾಣೆ, ವರ್ಷ ಹಾಕಿದರೆ ನೋಡಬಹುದು. ತಾನಾಗಿ ಮುಗಿದಿರುತ್ತದೆ ಎಂದುಕೊಂಡು ಬಿಡಬೇಡಿ, ಸಮನ್ಸ್ ತಲುಪದೆ ವಾರಂಟ್ ಆಗಿರುವ ಸಾಧ್ಯತೆ ಇರುತ್ತದೆ, ಪಾಸ್‌ಪೋರ್ಟ್ ಪರಿಶೀಲನೆಗೆ ಹೋದಾಗ ತಡೆಯಾಗುತ್ತದೆ. ವಿಚಾರಣೆ ಬಾಕಿ ಇದ್ದರೆ ಆ ದಿನದ ಅತಿಥಿ ನೋಂದಣಿ ಪುಸ್ತಕ ಮತ್ತು ಅಂದಿನ ಆದೇಶದ ಪ್ರತಿ ಹಿಡಿದು ವಕೀಲರನ್ನು ಕಾಣಿ. ಅತಿಥಿಗಳು ಕರ್ಫ್ಯೂ ಶುರುವಾಗುವ ಮೊದಲೇ ಒಳಬಂದಿದ್ದರು ಎಂಬುದು ಪುಸ್ತಕದಲ್ಲಿ ಗಂಟೆ ಸಮೇತ ಬರೆದಿದ್ದರೆ ಪ್ರಕರಣ ರದ್ದು ಕೋರಿ ಹೈಕೋರ್ಟಿಗೆ ಹೋಗಲು ಅದು ಗಟ್ಟಿ ಆಧಾರ.